ಅಮೇಲಿಯಾ ಡೈರಿಯ ಜೂನ್ ಪುಟಗಳು

ವಿಮಾನದಲ್ಲಿ ಭೂಮಿ ಸುತ್ತೋಕೆ ಹೊರಟು ಕಾಣೆಯಾದ ಅಮೆರಿಕದ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ಪುಸ್ತಕ ಓದ್ತಿದೀನಿ ಅಂತ ಯಾರಿಗೆ ಹೇಳಿದ್ರೂ ವಾಪಸ್ ಬರೋ ಪ್ರಶ್ನೆ ಒಂದೇ, "ಕೊನೆಗೆ ಏನಾಯ್ತಂತೆ ಅವಳಿಗೆ?" ಆಫೀಸಲ್ಲೂ ಇದೇ, ಮನೇಲೂ ಇದೇ, ವಿಮಾನದ ಬಗ್ಗೆ ಎಂದೂ ತಲೆ ಕೆಡಿಸ್ಕೊಳ್ಳದವರೂ ಇದನ್ನೇ ಕೇಳ್ತಾರೆ. ಸಮುದ್ರಕ್ಕೆ ಬಿದ್ಲಾ, ಯಾವುದೋ ದ್ವೀಪದಲ್ಲಿ ಇಳಿದ್ಲಾ, ಜಪಾನಿನವರು ಹಿಡ್ಕೊಂಡ್ರಾ, ಹೀಗೆ ಮಾತು ಹೋಗುತ್ತೆ. ಆ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ, ಇರೋಕೆ ಸಾಧ್ಯವೂ ಇಲ್ಲ, ಯಾಕಂದ್ರೆ ಅವಳು ಬರೆದದ್ದು 1937ರ ಜುಲೈ 1ಕ್ಕೆ ನಿಂತುಹೋಗುತ್ತೆ, ಮಾರನೇ ದಿನ ಬೆಳಿಗ್ಗೆ ನ್ಯೂಗಿನಿಯ ಲೇ ಅನ್ನೋ ಊರಿಂದ ಹೊರಟವಳು ಮತ್ತೆ ಸಿಗಲಿಲ್ಲ. ಆದರೆ ಆ ತಾರೀಕಿನ ಹಿಂದೆ ಒಂದು ತಿಂಗಳ ಬರವಣಿಗೆ ಇದೆ, ಫ್ಲೋರಿಡಾದ ಮಯಾಮಿಯಿಂದ ಶುರುವಾಗಿ ದಕ್ಷಿಣ ಅಮೆರಿಕ, ಆಫ್ರಿಕಾ, ಕರಾಚಿ, ಕಲ್ಕತ್ತಾ, ಬರ್ಮಾ, ಜಾವಾ, ಆಸ್ಟ್ರೇಲಿಯಾ ದಾಟಿ ಬಂದ ಸುಮಾರು 22,000 ಮೈಲಿ ಇದೆ, ಮಿಕ್ಕಿದ್ದು 7,000 ಮೈಲಿ ಮಾತ್ರ. ಇಷ್ಟನ್ನೂ ಬಿಟ್ಟು ಎಲ್ಲರೂ ಇಲ್ಲದೇ ಇರೋ ಆ ಒಂದು ದಿನದ ಪುಟವನ್ನೇ ಕೇಳೋದು ನನ್ನನ್ನ ತುಂಬಾ ದಿನದಿಂದ ಕಾಡ್ತಾ ಇದೆ.

ಪುಸ್ತಕದ ಹೆಸರಲ್ಲೇ ಈ ತೊಂದರೆ ಇದೆ. ಅವಳು ಇದಕ್ಕೆ ಅಂದ್ಕೊಂಡಿದ್ದ ಹೆಸರು 'ವರ್ಲ್ಡ್ ಫ್ಲೈಟ್'. ಅವಳು ಕಾಣೆಯಾದ ಮೇಲೆ ಅದೇ ವರ್ಷ ಹೊರಗೆ ಬಂದಾಗ ಅದು 'ಲಾಸ್ಟ್ ಫ್ಲೈಟ್' ಆಗಿತ್ತು. ಮೊದಲನೇ ಹೆಸರಿನ ಪುಸ್ತಕ ಕೈಗೆತ್ತಿಕೊಂಡವರು ಭೂಮಿ ಸುತ್ತೋಕೆ ಕೂತಿರ್ತಿದ್ರು, ಎರಡನೇ ಹೆಸರಿನ ಪುಸ್ತಕ ತೆಗೆದವರು ಮೊದಲ ಪುಟದಿಂದಲೇ ಸಾವು ಎಲ್ಲಿ ಕಾದಿದೆ ಅಂತ ಹುಡುಕ್ತಾ ಹೋಗ್ತಾರೆ. ಅವಳು ಬರೆದ ವಾಕ್ಯ ಅವೇ, ಅದೇ ಧೂಳು, ಅದೇ ಪೆಟ್ರೋಲ್ ಲೆಕ್ಕ, ಅದೇ ಬೆಳಗಿನ ಜಾವ ಮೂರು ಗಂಟೆಗೆ ಏಳೋ ಕಷ್ಟ. ಓದೋ ಕಣ್ಣು ಮಾತ್ರ ಬೇರೆ ಆಗಿಬಿಡುತ್ತೆ.

ಜೋಡಿಸಿದ ಕೈ

ಇದನ್ನ ಡೈರಿ ಅಂತ ಕರೆದರೂ ಒಂದೇ ನೋಟ್‌ಬುಕ್ಕಲ್ಲಿ ದಿನಾ ಕೂತು ಬರೆದ ಡೈರಿ ಅಲ್ಲ. ಹಾರುವಾಗ ಕಾಕ್‌ಪಿಟ್‌ನಲ್ಲಿ ಗೀಚಿದ ಟಿಪ್ಪಣಿ, ಲಾಗ್ ಬುಕ್ಕು, ಇಳಿದ ಊರಿಂದ ನ್ಯೂಯಾರ್ಕಿನ 'ಹೆರಾಲ್ಡ್ ಟ್ರಿಬ್ಯೂನ್' ಪೇಪರ್‌ಗೆ ತಂತಿಯಲ್ಲೋ ಫೋನಲ್ಲೋ ಕಳಿಸಿದ ವರದಿ, ಗಂಡನಿಗೆ ಬರೆದ ಪತ್ರ, ಇವೆಲ್ಲ ಸೇರಿ ಆದದ್ದು. ಜೋಡಿಸಿದ್ದು ಆ ಗಂಡನೇ, ಜಾರ್ಜ್ ಪಾಲ್ಮರ್ ಪಟ್ನಂ, ಅವನ ಕಸುಬೇ ಪುಸ್ತಕ ಪ್ರಕಾಶನ. ಆ ವರದಿಗಳು ಹವ್ಯಾಸಕ್ಕೆ ಬರೆದವಲ್ಲ, ಹಾರಾಟದ ಖರ್ಚಿಗೆ ದುಡ್ಡು ಹುಟ್ಟಿಸೋ ದಾರಿಗಳಲ್ಲಿ ಅದೂ ಒಂದು. ಹದಿಮೂರು ಗಂಟೆ ಎರಡು ಎಂಜಿನ್ನಿನ ಗದ್ದಲದಲ್ಲಿ ಕೂತು ಇಳಿದು, ಕಸ್ಟಮ್ಸ್ ಮುಗಿಸಿ, ಎಂಜಿನ್ ನೋಡಿಸಿ, ಆಮೇಲೆ ಕೂತು ಇವತ್ತು ಏನೇನಾಯ್ತು ಅಂತ ಓದುಗರಿಗೆ ಇಷ್ಟ ಆಗೋ ಹಾಗೆ ಬರೀಬೇಕಿತ್ತು. ಅಷ್ಟು ದಣಿದವಳ ಬರವಣಿಗೆ ಇಷ್ಟು ಲವಲವಿಕೆಯಿಂದ ಇರೋದು ನನಗೆ ಪ್ರತೀ ಸಲ ಆಶ್ಚರ್ಯ ಹುಟ್ಟಿಸುತ್ತೆ.

ಜೋಡಿಸಿದ ಕೈ ಗೊತ್ತಾಗೋ ಜಾಗ ಒಂದಿದೆ. ಜೂನ್ 7ರಂದು ಬ್ರೆಜಿಲ್‌ನ ನಟಾಲ್‌ನಿಂದ ಅಟ್ಲಾಂಟಿಕ್ ದಾಟಿ ಆಫ್ರಿಕಾದ ಡಕಾರ್‌ನಲ್ಲಿ ಇಳೀಬೇಕಿತ್ತು, ಇಳಿದದ್ದು ಅದರ ಉತ್ತರಕ್ಕಿರೋ ಸೇಂಟ್ ಲೂಯಿ ಊರಲ್ಲಿ. ದಟ್ಟ ಮಬ್ಬು, ಕೆಳಗೆ ಏನೂ ಕಾಣ್ತಿರಲಿಲ್ಲ. ಪುಸ್ತಕದಲ್ಲಿ ಇರೋದು ಹೀಗೆ: ನ್ಯಾವಿಗೇಟರ್ ಫ್ರೆಡ್ ನೂನನ್ ದಕ್ಷಿಣಕ್ಕೆ ತಿರುಗು ಅಂತ ಚೀಟಿ ಕೊಟ್ಟ, ನನಗೆ ಎಡಕ್ಕೆ, ಅಂದ್ರೆ ಉತ್ತರಕ್ಕೆ, ತಿರುಗೋದು ಸರಿ ಅನ್ನಿಸ್ತು, ತಿರುಗಿದೆ. ಅಂದ್ರೆ ತಪ್ಪನ್ನ ಪೂರ್ತಿ ತನ್ನ ಮೇಲೆ ಹಾಕ್ಕೊಂಡಿದಾಳೆ. ಆದರೆ ಆ ಹಾರಾಟದ ಚೀಟಿಗಳು ಪರ್ಡ್ಯೂ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇವೆ, ಸ್ಕ್ಯಾನ್ ಮಾಡಿ ಆನ್‌ಲೈನಲ್ಲೂ ಹಾಕಿದಾರೆ. ಆ ಹೊತ್ತಿನ ಚೀಟಿಯಲ್ಲಿ ಇರೋದು 36 ಡಿಗ್ರಿಗೆ, ಅಂದ್ರೆ ದಕ್ಷಿಣಕ್ಕಲ್ಲ ಈಶಾನ್ಯದ ಕಡೆಗೆ, ತಿರುಗಬೇಕು, ಡಕಾರ್‌ಗೆ ಸುಮಾರು 79 ಮೈಲಿ ಅಂತ. ಅದರ ಜೊತೆ ಅವಳ ಕೈಬರಹದಲ್ಲಿ ಒಂದು ಪ್ರಶ್ನೆ, ನಾವು ಉತ್ತರಕ್ಕೆ ಬಂದದ್ದು ಹೇಗೆ ಅಂತ. ಈ ಎರಡೂ ಒಂದಕ್ಕೊಂದು ಹೊಂದಲ್ಲ, ತಿಳಿದವರು ಇದರ ಮೇಲೆ ಇನ್ನೂ ವಾದ ಮಾಡ್ತಾನೇ ಇದಾರೆ. ಜೊತೆಗಾರನ ಹೆಸರು ಕೆಡದಿರಲಿ ಅಂತ ಅವಳೇ ಹೀಗೆ ಬರೆದ್ಲೋ, ಓದೋಕೆ ಸಲೀಸಾಗಲಿ ಅಂತ ಆಮೇಲೆ ಯಾರಾದ್ರೂ ತಿದ್ದಿದ್ರೋ, ಆ ಚೀಟಿ ನೋಡಿದ ಮೇಲೆ ನಾನಂತೂ ಪುಸ್ತಕವನ್ನ ಹೆಚ್ಚು ಪ್ರೀತಿಯಿಂದ, ಸ್ವಲ್ಪ ಹುಷಾರಾಗಿ ಓದ್ತೀನಿ. ಅಂದ ಹಾಗೆ ಆ ಚೀಟಿ ಮುಂದಕ್ಕೆ ಹೋಗ್ತಿದ್ದ ರೀತಿ ನೋಡಿ: ಪ್ರಯಾಣಿಕರ ಸೀಟು ಇರಬೇಕಾದ ಜಾಗದಲ್ಲೆಲ್ಲ ಪೆಟ್ರೋಲ್ ಟ್ಯಾಂಕ್, ಅವುಗಳ ಹಿಂದೆ ನೂನನ್ ಮೇಜು, ಮುಂದೆ ಇವಳು, ಮಧ್ಯೆ ಮಾತು ಕೇಳಿಸೋ ಪ್ರಶ್ನೆನೇ ಇಲ್ಲ, ಬಿದಿರು ಕೋಲಿನ ತುದಿಗೆ ಚೀಟಿ ಸಿಕ್ಕಿಸಿ ಟ್ಯಾಂಕಿನ ಮೇಲಿಂದ ದಾಟಿಸ್ತಿದ್ದ.

ದೊಡ್ಡಪ್ಪನ ಮಳೆ ಲೆಕ್ಕ

ಸತ್ತವರ ಡೈರಿಯನ್ನ ನಾವು ಹೇಗೆ ಓದ್ತೀವಿ ಅನ್ನೋದು ನನಗೆ ಕಂಡಿದ್ದು ಮೂಡಿಗೆರೆ ಕಡೆಯ ನಮ್ಮ ದೊಡ್ಡಪ್ಪ ತೀರಿಕೊಂಡಾಗ. ಕಾಫಿ ತೋಟದವರ ಮನೇಲಿ ಮಳೆ ಲೆಕ್ಕ ಬರೆಯೋದು ಎಲ್ಲರಿಗೂ ಗೊತ್ತಿರೋದೇ, ದಿನಾ ಬೆಳಿಗ್ಗೆ ರೈನ್ ಗೇಜ್ ಹತ್ರ ಹೋಗಿ ನೀರು ಅಳೆದು ಇಷ್ಟು ಇಂಚು ಇಷ್ಟು ಸೆಂಟ್ ಅಂತ ಬರೆಯೋದು, ಸಂಜೆ ಪಕ್ಕದ ತೋಟದವರಿಗೆ ಫೋನ್ ಮಾಡಿ ನಿಮ್ಮಲ್ಲಿ ಎಷ್ಟಾಯ್ತು ಅಂತ ಕೇಳೋದು. ದೊಡ್ಡಪ್ಪ ಅದರ ಪಕ್ಕದಲ್ಲೇ ಆಳು ಎಷ್ಟು ಬಂದ್ರು, ಯಾವ ಬ್ಲಾಕಲ್ಲಿ ಕೆಲಸ, ಕಾಫಿ ಹೂ ಬಿಡಿಸೋ ಹೂ ಮಳೆ ಆದಮೇಲೆ ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಸರಿಯಾಗಿ ಸಿಕ್ತೋ ಇಲ್ವೋ, ಎಲ್ಲ ಎರಡು ಸಾಲಲ್ಲಿ ಬರೀತಿದ್ರು, ರೋಹಿಣಿ ಮೃಗಶಿರಾ ಅಂತ ಮಳೆ ನಕ್ಷತ್ರ ಬದಲಾದ ದಿನ ಮಾತ್ರ ಕೆಂಪು ಪೆನ್ನು. ಒಂದು ಮೃಗಶಿರಾ ಮಳೆಯ ರಾತ್ರಿ ಎದೆನೋವು ಅಂತ ಎದ್ದವರು ಬೆಳಗಾಗೋದ್ರೊಳಗೆ ಹೋಗಿಬಿಟ್ರು. ಹನ್ನೊಂದನೇ ದಿನ ಕಳೆದ ಮೇಲೆ ಜಗಲಿಯಲ್ಲಿ ಕೂತಾಗ ಅಣ್ಣ, ಅಂದ್ರೆ ಅವರ ಮಗ, ಆ ಡೈರಿ ತಂದ. ಎಲ್ಲರೂ ಸುತ್ತ ಕೂತ್ವಿ. ಹಿಂದಿನ ಒಂದು ವಾರದ ಪುಟಗಳನ್ನ ತಿರುಗಿಸಿ ತಿರುಗಿಸಿ ನೋಡಿದ್ವಿ, ಸುಸ್ತು ಅಂತ ಎಲ್ಲಾದ್ರೂ ಬರೆದಿದಾರಾ, ಅಕ್ಷರ ನಡುಗಿದೆಯಾ, ಇದು ಯಾಕೆ ಇಷ್ಟು ಚಿಕ್ಕದಾಗಿ ಬರೆದಿದಾರೆ ಅಂತ. ದೊಡ್ಡಮ್ಮ ಒಂದು ಸಾಲಿನ ಮೇಲೆ ಬೆರಳಿಟ್ಟು "ಇಲ್ಲಿ ನೋಡು, ಆಳು ಲೆಕ್ಕ ತಪ್ಪು ಬರೆದಿದಾರೆ, ಅವತ್ತೇ ಏನೋ ಆಗಿತ್ತು ಇವರಿಗೆ" ಅಂದ್ರು. ಕೊನೇ ಪುಟದಲ್ಲಿ ಇದ್ದದ್ದು ಆ ದಿನದ ಮಳೆ, ಆಮೇಲೆ 'ನಾಳೆ ಮಳೆ ಬಿಟ್ಟರೆ ಮೇಲಿನ ಬ್ಲಾಕ್ ಬೋರ್ಡೋ' ಅಂತ, ಅಂದ್ರೆ ಅಲ್ಲಿ ಬೋರ್ಡೋ ಔಷಧಿ ಹೊಡೆಸಬೇಕು ಅಂತ, ಅಷ್ಟೇ.

ಆಮೇಲೆ ಒಂದು ಸಲ ನಾನೊಬ್ಬನೇ ಕೂತು ಆ ಡೈರಿಯನ್ನ ಜನವರಿಯಿಂದ ಓದಿದೆ. ಅದು ಬೇರೆಯದೇ ಮನುಷ್ಯನ ಡೈರಿ ಆಗಿತ್ತು. ಮಾರ್ಚಲ್ಲಿ ಹೂ ಮಳೆ ತಡ ಆದಾಗಿನ ಚಡಪಡಿಕೆ, ಸ್ಪ್ರಿಂಕ್ಲರ್ ಪಂಪು ಕೈಕೊಟ್ಟ ಸಿಟ್ಟು, ಒಂದು ದಿನ ಯಾವ ಕೆಲಸವೂ ಇಲ್ಲದೆ 'ಹೂ ಪೂರಾ ಬಂದಿದೆ, ನೋಡ್ತಾ ಕೂತೆ' ಅಂತ ಒಂದೇ ಸಾಲು. ಸಾಯೋ ಮನುಷ್ಯ ಆ ಪುಟಗಳಲ್ಲಿ ಎಲ್ಲೂ ಇರಲಿಲ್ಲ, ಕೆಲಸ ಮಾಡ್ತಿರೋ ಮನುಷ್ಯ ಇದ್ರು. ಅಮೇಲಿಯಾ ಪುಸ್ತಕವನ್ನ ಜೂನ್ 1ರಿಂದ ಸಾಲಾಗಿ ಓದಿದಾಗ ಆದದ್ದೂ ಇದೇ.

ಮುಂಗಾರು ತಿರುಗಿಸಿದ ದಾರಿ

ನಮ್ಮ ಕಡೆಯ ಓದುಗರು ಈ ಪುಸ್ತಕ ಓದಬೇಕು ಅನ್ನೋಕೆ ನನ್ನ ಹತ್ರ ಇರೋ ದೊಡ್ಡ ಕಾರಣ ಮುಂಗಾರು. ಮೊದಲು ಅವಳು ಹೊರಟಿದ್ದು ಈ ದಿಕ್ಕಿಗೆ ಅಲ್ವೇ ಅಲ್ಲ. 1937ರ ಮಾರ್ಚ್ 17ಕ್ಕೆ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಿಂದ ಪಶ್ಚಿಮಕ್ಕೆ ಹೊರಟು ಹೊನೊಲುಲು ತಲುಪಿದ್ದಳು. ಅಲ್ಲಿಂದ ಮುಂದಿನ ಹೆಜ್ಜೆಯೇ ಹೌಲ್ಯಾಂಡ್ ದ್ವೀಪ. ಪೆಸಿಫಿಕ್ ಮಧ್ಯೆ ಎರಡು ಮೈಲಿಯೂ ಉದ್ದ ಇಲ್ಲದ, ಅರ್ಧ ಮೈಲಿ ಅಗಲದ ಮರಳು ದಿಬ್ಬ ಅದು. ಆಗ ಜೊತೆಯಲ್ಲಿ ನೂನನ್ ಅಲ್ಲದೆ ಹ್ಯಾರಿ ಮ್ಯಾನಿಂಗ್ ಅಂತ ರೇಡಿಯೋ, ಮಾರ್ಸ್ ಕೋಡ್ ಎರಡರಲ್ಲೂ ಪಳಗಿದ ಹಡಗಿನ ಕ್ಯಾಪ್ಟನ್ ಇದ್ದ. ಮಾರ್ಚ್ 20ಕ್ಕೆ ಹೊನೊಲುಲುವಿನ ಲ್ಯೂಕ್ ಫೀಲ್ಡ್‌ನಲ್ಲಿ ಟೇಕಾಫ್ ಆಗುವಾಗ ವಿಮಾನ ಗಿರ್ರನೆ ತಿರುಗಿ ಚಕ್ರ ಮುರಿದು ಹೊಟ್ಟೆ ಮೇಲೆ ಕೂತ್ಕೊಳ್ತು. ಹಡಗಿನಲ್ಲಿ ವಾಪಸ್ ತಂದು ರಿಪೇರಿ ಮುಗಿಯೋ ಹೊತ್ತಿಗೆ ಮೇ ಬಂದಿತ್ತು, ಮ್ಯಾನಿಂಗ್ ರಜೆ ಮುಗೀತು ಅಂತ ಹೊರಟುಹೋಗಿದ್ದ. ಋತು ಬದಲಾಗಿತ್ತು. ಅದೇ ದಾರಿಯಲ್ಲಿ ಹೋದ್ರೆ ಏಷ್ಯಾದಲ್ಲಿ ಮುಂಗಾರು ಪೂರ್ತಿ ಹಿಡಿದಿರುತ್ತೆ, ಆಫ್ರಿಕಾ ಕೆರಿಬಿಯನ್ ಕಡೆ ಬರೋ ಹೊತ್ತಿಗೆ ಅಲ್ಲಿನ ಹವಾನೂ ಕೆಟ್ಟಿರುತ್ತೆ. ಹಾಗಾಗಿ ಇಡೀ ಯೋಜನೆ ಉಲ್ಟಾ ಮಾಡಿ ಪೂರ್ವಕ್ಕೆ ಹೊರಟ್ರು. ಮೊದಲ ಸುತ್ತಿನಲ್ಲಿ ಎರಡನೇ ಹೆಜ್ಜೆ ಆಗಿದ್ದ ಹೌಲ್ಯಾಂಡ್, ಎಲ್ಲರೂ ದಣಿದ ಮೇಲೆ ಬರೋ ಕೊನೇ ಹೆಜ್ಜೆಗಳಲ್ಲಿ ಒಂದಾಯ್ತು. ಅವಳ ಸಾವಿನ ಕಾರಣ ಹುಡುಕೋ ಪುಸ್ತಕಗಳಿಗೆ ಲೆಕ್ಕವಿಲ್ಲ, ಆದರೆ ಈ ದಿಕ್ಕು ಬದಲಾದದ್ದರ ಹಿಂದೆ ನಮ್ಮ ಮಳೆಗಾಲ ಇದೆ ಅನ್ನೋದನ್ನ ನಾವಾದ್ರೂ ಗಮನಿಸಬೇಕು.

ಜೂನ್ 15ಕ್ಕೆ ಕೆಂಪು ಸಮುದ್ರದ ದಡದ ಅಸಾಬ್‌ನಿಂದ ಹೊರಟು ಅರೇಬಿಯಾದ ಅಂಚು ಹಿಡಿದು 13 ಗಂಟೆ ಮೇಲೆ ಹಾರಿ ಕರಾಚಿಗೆ ಬಂದ್ಲು. ಅರೇಬಿಯಾದಲ್ಲಿ ಇಳೀಬೇಕಾಗಿ ಬಂದ್ರೆ ಅಂತ ಅರೇಬಿಕ್‌ನಲ್ಲಿ ಬರೆಸಿದ ಪತ್ರ ಕೈಯಲ್ಲಿ ಇತ್ತು. ದಾರಿಯಲ್ಲಿ ಬಲಗಡೆ ಎಂಜಿನ್ನಿಗೆ ಪೆಟ್ರೋಲ್ ಗಾಳಿ ಬೆರಕೆ ಹೊಂದಿಸೋ ಮಿಕ್ಸ್ಚರ್ ಲಿವರ್ ಸಿಕ್ಕಿಹಾಕಿಕೊಂಡು ಪೆಟ್ರೋಲ್ ಜಾಸ್ತಿ ಕುಡಿಯೋಕೆ ಶುರು ಮಾಡಿದಾಗ ವೇಗ ಇಳಿಸಿಕೊಂಡು ಬಂದದ್ದನ್ನ ಒಂದೆರಡು ಸಾಲಲ್ಲಿ ಮುಗಿಸಿಬಿಡ್ತಾಳೆ. ಕರಾಚಿಯಲ್ಲಿ ಒಂಟೆ ಹತ್ತಿದ್ದನ್ನ ಮಾತ್ರ ಖುಷಿಯಾಗಿ ಹೇಳ್ತಾಳೆ, ಒಂಟೆ ಎದ್ದು ನಿಲ್ಲೋವಾಗ ನೂನನ್ ಕೆಳಗಿಂದ ಪ್ಯಾರಾಶೂಟ್ ಹಾಕ್ಕೋ ಅಂತ ಕೂಗಿದ್ನಂತೆ. ಜೂನ್ 17ಕ್ಕೆ ಕರಾಚಿಯಿಂದ ಕಲ್ಕತ್ತಾದ ಡಂಡಂ, 1,390 ಮೈಲಿ. ಸಿಂಧ್ ಮರುಭೂಮಿ ಮೇಲೆ ಧೂಳಿನ ಮಬ್ಬು, ಆಮೇಲೆ ಐದು ಸಾವಿರ ಅಡಿ ಎತ್ತರದಲ್ಲಿ ತಮ್ಮ ಪಾಡಿಗೆ ತಾವು ಸುತ್ತೋ ಕಪ್ಪು ಹದ್ದುಗಳು, ವಿಮಾನ ಬಂತು ಅಂತ ಸರಿಯೋದೇ ಇಲ್ಲ, ಪೈಲಟ್‌ಗೆ ಜೀವ ಬಾಯಿಗೆ ಬಂದ ಹಾಗಾಯ್ತು ಅಂತ ಬರೆದಿದಾಳೆ. ಡಂಡಂ ತಲುಪಿದಾಗ ಮಳೆ ಹಿಡಿದಿತ್ತು.

ಮಾರನೇ ದಿನದ ಡಂಡಂ ಟೇಕಾಫ್ ಇಡೀ ಪುಸ್ತಕದಲ್ಲಿ ನಾನು ಹೆಚ್ಚು ಸಲ ಓದಿರೋ ಜಾಗ. ರಾತ್ರಿಯೆಲ್ಲ ಸುರಿದು ಫೀಲ್ಡ್ ನೆನೆದು ಕೆಸರಾಗಿದೆ. ಹೊರಡೋದೇ ಅಪಾಯ. ಆದರೆ ಹವಾಮಾನದವರು ಹೇಳಿದ್ದು ಮುಂದೆ ಇನ್ನೂ ಮಳೆ ಇದೆ ಅಂತ, ನಿಂತ್ರೆ ಫೀಲ್ಡ್ ಇನ್ನೂ ಕೆಡುತ್ತೆ, ಆಮೇಲೆ ಎಷ್ಟು ದಿನ ಸಿಕ್ಕಿಹಾಕಿಕೊಳ್ತೀವೋ ಗೊತ್ತಿಲ್ಲ. ಎರಡು ಮಳೆ ನಡುವಿನ ಹೊಳವು ನೋಡಿ ಹೊರಟ್ರು. ಪೆಟ್ರೋಲ್ ತುಂಬಿದ ಭಾರದ ವಿಮಾನ, ಅಂಟು ಮಣ್ಣು ಚಕ್ರವನ್ನ ಬಿಡ್ತಾನೇ ಇಲ್ಲ, ಎಷ್ಟೋ ಹೊತ್ತು ಅಂತ ಅನ್ನಿಸೋವರೆಗೂ ಓಡಿ ಕೊನೆಗೆ ನೆಲ ಬಿಟ್ಟು ಎದ್ದಾಗ ಫೀಲ್ಡಿನ ಅಂಚಿನ ಮರಗಳ ತಲೆ ಮೇಲೆ ಸ್ವಲ್ಪವೂ ಜಾಗ ಉಳಿದಿರಲಿಲ್ಲ. ಮಳೆ ಹೊಳವಾಗೋದನ್ನ ಕಾದು ಗದ್ದೆಗೆ ಇಳಿದವರಿಗೆ, ಒದ್ದೆ ಮಣ್ಣು ಹೇಗೆ ಹಿಡ್ಕೊಳ್ಳುತ್ತೆ ಅಂತ ಕಾಲಲ್ಲಿ ಗೊತ್ತಿರೋರಿಗೆ, ಈ ಪ್ಯಾರಾ ಓದುವಾಗ ಎದೆ ಬಿಗಿ ಹಿಡಿಯುತ್ತೆ. ಅಮೆರಿಕದ ಓದುಗ ಇದನ್ನ ಸಾಹಸ ಅಂತ ಓದಿರಬಹುದು. ನನಗೆ ಕಂಡಿದ್ದು ಒಂದು ಲೆಕ್ಕಾಚಾರ, ಇವತ್ತಿನ ಕೆಸರು ಮೇಲೋ ನಾಳೆಯ ಕೆಸರು ಮೇಲೋ ಅಂತ, ನಮ್ಮ ಊರುಗಳಲ್ಲಿ ಪ್ರತೀ ಜೂನ್‌ನಲ್ಲಿ ಮಾಡೋ ಅದೇ ಲೆಕ್ಕಾಚಾರ.

ಅಲ್ಲಿಂದ ಅಕ್ಯಾಬ್, ಈಗಿನ ಸಿಟ್ವೆ. (ಬರ್ಮಾ ಬ್ರಿಟಿಷ್ ಇಂಡಿಯಾದಿಂದ ಬೇರೆ ಆಗಿ ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ, ಏಪ್ರಿಲ್ 1ಕ್ಕೆ ಆದದ್ದು.) ಪೆಟ್ರೋಲ್ ತುಂಬಿಸಿ ರಂಗೂನ್ ಕಡೆ ಹೊರಟ್ರೆ ಎದುರು ಗಾಳಿ, ಎದುರು ಮಳೆ. ಆಕಾಶದಿಂದ ಒಂದೊಂದು ಸೆಕೆಂಡಿಗೆ ಇಷ್ಟು ನೀರು ಬೀಳಬಹುದು ಅಂತ ತಾನು ಎಂದೂ ಅಂದ್ಕೊಂಡಿರಲಿಲ್ಲ ಅಂತ ಬರೀತಾಳೆ. ಮಳೆ ಹೊಡೆತಕ್ಕೆ ರೆಕ್ಕೆಯ ಮುಂದಿನ ಅಂಚಿನ ಬಣ್ಣ ಅಲ್ಲಲ್ಲಿ ಕಿತ್ತುಹೋಯ್ತು. ಏನೂ ಕಾಣದೆ ಅಕ್ಯಾಬ್‌ಗೇ ವಾಪಸ್ ತಿರುಗಿದ್ರು, ಅಷ್ಟು ಮಳೆಯಲ್ಲಿ ನೂನನ್ ಹೇಳಿದ ದಿಕ್ಕು ಹಿಡಿದು ಸರಿಯಾಗಿ ಅದೇ ಊರಿಗೆ ಬಂದ್ರು. ಎಲ್ಲಿಗೂ ಹೋಗದೆ ಎರಡು ಗಂಟೆ ಆರು ನಿಮಿಷ ಅಂತ ನೂನನ್ ಆ ಹಾರಾಟದ ಲೆಕ್ಕ ಹೇಳಿದ್ದನ್ನ ಅವಳು ಬರೆದಿಟ್ಟಿದಾಳೆ. ಮಾರನೇ ದಿನ ಮತ್ತೆ ಪ್ರಯತ್ನ, ಈ ಸಲ ಬೆಟ್ಟ ತಪ್ಪಿಸೋಕೆ ಎಂಟು ಸಾವಿರ ಅಡಿಗೆ ಏರಿ, ಎರಡು ಗಂಟೆ ಏನೂ ಕಾಣದೆ ಬರೀ ಮೀಟರ್‌ಗಳನ್ನ ನೋಡ್ಕೊಂಡು ಹಾರಿ, ಇಳಿದಾಗ ಕೆಳಗೆ ಐರಾವತಿ ನದಿಯ ಪಕ್ಕದ ಹಸಿರು ಬಯಲು, ಆಮೇಲೆ ರಂಗೂನಿನ ಶ್ವೇಡಗಾನ್ ಪಗೋಡದ ಚಿನ್ನ. ಜೂನ್ 18, 19. ನಮ್ಮ ಲೆಕ್ಕದಲ್ಲಿ ಮೃಗಶಿರಾ ಮಳೆ.

ಈಗ ಜುಲೈನಲ್ಲಿ ಮಂಗಳೂರಿಗೆ ಹೋಗೋ ವಿಮಾನದಲ್ಲಿ ಸೀಟ್ ಬೆಲ್ಟ್ ಲೈಟ್ ಹತ್ತಿದ ಕೂಡಲೇ ನಾವು ದೇವರ ಹೆಸರು ಹೇಳ್ತೀವಿ, ಅಲ್ಲಿ ರೇಡಾರ್ ಇದೆ, ಕೆಳಗಿಂದ ಮಾತಾಡೋರು ಇದಾರೆ. ಅವಳಿಗೆ ಇದ್ದದ್ದು ಬಿದಿರು ಕೋಲಲ್ಲಿ ಬರೋ ಚೀಟಿ. ಆದರೂ ಆ ಪುಟಗಳಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಕುತೂಹಲ ಇದೆ, ಮಳೆ ಅಂದ್ರೆ ಹೀಗೂ ಇರುತ್ತಾ ಅನ್ನೋ ಬೆರಗು.

ಲೇ, ಜುಲೈ 1

ಜಾವಾದ ಬಾಂಡುಂಗ್‌ನಲ್ಲಿ ಮೀಟರ್‌ಗಳ ರಿಪೇರಿಗೆ ಕೆಲವು ದಿನ ಹೋಯ್ತು, ಆಮೇಲೆ ಕುಪಾಂಗ್, ಡಾರ್ವಿನ್, ಜೂನ್ 29ಕ್ಕೆ ಲೇ. ಡಾರ್ವಿನ್‌ನಲ್ಲಿ ಪ್ಯಾರಾಶೂಟ್‌ಗಳನ್ನ ಮನೆಗೆ ಕಳಿಸಿಬಿಟ್ರು, ಪೆಸಿಫಿಕ್ ಮೇಲೆ ಅದರಿಂದ ಉಪಯೋಗ ಇಲ್ಲ ಅಂತ. ಇದನ್ನ ಮುನ್ಸೂಚನೆ ಅಂತ ಬರೆಯೋರಿದಾರೆ. ನನಗೆ ಅದು ಭಾರದ ಲೆಕ್ಕ ಮಾತ್ರ. ಅವಳು ಗಂಡನಿಗೆ ಬರೆದ ಪತ್ರದ ಮಾತನ್ನ, ಅಪಾಯ ನನಗೆ ಚೆನ್ನಾಗಿ ಗೊತ್ತಿದೆ, ಮಾಡಬೇಕು ಅನ್ನಿಸಿರೋದಕ್ಕೇ ಮಾಡ್ತಿದೀನಿ ಅನ್ನೋದನ್ನ, ಎಲ್ಲ ಕಡೆ ಪೋಸ್ಟರ್ ಮಾಡಿ ಹಾಕ್ತಾರೆ. ಒಳ್ಳೇ ಮಾತೇ ಅದು. ಆದರೆ ಅವಳು ಎಂಥ ಪೈಲಟ್ ಅಂತ ತಿಳೀಬೇಕಾದ್ರೆ ಜುಲೈ 1ರ ವರದಿ ನೋಡಬೇಕು. ಲೇ ಚೆಂದದ ಊರು, ಆದರೂ ಹೊರಡೋಕೆ ಆಗದೆ ಕೂತವರಿಗೆ ಅದು ಜೈಲಿನ ಥರ ಆಗಿದೆ ಅಂತ ಶುರು ಮಾಡ್ತಾಳೆ. ತಡ ಯಾಕೆ ಅಂದ್ರೆ ಒಂದು ಗಾಳಿ, ಇನ್ನೊಂದು ಗಡಿಯಾರ. ರೇಡಿಯೋ ತೊಂದರೆಯಿಂದ ಟೈಮ್ ಸಿಗ್ನಲ್ ಸಿಗದೆ ನೂನನ್ ತನ್ನ ಕ್ರೋನಾಮೀಟರ್ ಸರಿ ಮಾಡ್ಕೊಳ್ಳೋಕೆ ಆಗಿಲ್ಲ, ಅದು ಎಷ್ಟು ಮುಂದಿದೆ ಎಷ್ಟು ಹಿಂದಿದೆ ಗೊತ್ತಿಲ್ಲದೆ ನಕ್ಷತ್ರ ಸೂರ್ಯ ನೋಡಿ ಜಾಗ ಹೇಳೋದು ಸರಿ ಬರಲ್ಲ, ಹೌಲ್ಯಾಂಡ್ ಅಷ್ಟು ಚಿಕ್ಕದು, ಅದನ್ನ ಹುಡುಕೋಕೆ ಸಿಗೋ ಒಂದೊಂದು ಸಹಾಯವೂ ಬೇಕು. ಅಪಾಯ ಎಲ್ಲಿದೆ ಅಂತ ಕೆಲಸಗಾರಳ ಹಾಗೆ ಬೆರಳಿಟ್ಟು ತೋರಿಸಿದಾಳೆ. ಒಂದು ತಿಂಗಳ ಹಿಂದೆ ಪೆಸಿಫಿಕ್‌ನ ಆಚೆ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡ್ತಿದ್ದೆ, ಇವತ್ತು ಸಂಜೆ ಈ ದಡದಿಂದ ಪೂರ್ವಕ್ಕೆ ನೋಡಿದೆ, ನಡುವೆ ಇಡೀ ಭೂಮಿಯ ಅಗಲ ಹಿಂದೆ ಸರಿದಿದೆ, ಈ ಸಮುದ್ರ ಒಂದು ಬಿಟ್ಟು, ಇದರ ಮೇಲೆ ದಾರಿ ಹುಡುಕೋ ಅಪಾಯವೂ ಹಿಂದೆ ಸರಿದರೆ ಸಂತೋಷ ಅಂತ ಮುಗಿಸ್ತಾಳೆ.

ಇಲ್ಲಿಗೆ ನಿಲ್ಲಿಸಿದವರು ಆ ಗಡಿಯಾರ ಸರಿ ಆಗಲೇ ಇಲ್ಲವೇನೋ, ಅದರಿಂದಲೇ ದಾರಿ ತಪ್ಪಿತೇನೋ ಅಂದ್ಕೊಳ್ತಾರೆ, ನನ್ನ ಹತ್ರ ಹಾಗೆ ವಾದ ಮಾಡಿದವರೂ ಇದಾರೆ. ಆದರೆ ಲೇಯಲ್ಲಿದ್ದ ಗಿನಿ ಏರ್‌ವೇಸ್ ಕಂಪನಿಯ ಮ್ಯಾನೇಜರ್ ಎರಿಕ್ ಚೇಟರ್ ಅದೇ ಜುಲೈನಲ್ಲಿ ಬರೆದ ಪತ್ರ ಇದೆ. ಹೊರಡೋ ಮುಂಚೆ ಟೈಮ್ ಸಿಗ್ನಲ್ ಸಿಕ್ಕಿತು, ಕ್ರೋನಾಮೀಟರ್ 3 ಸೆಕೆಂಡ್ ನಿಧಾನ ಇತ್ತು, ಇನ್ನೊಂದು ಸಿಗ್ನಲ್ ಹಿಡಿದು ಮತ್ತೆ ತಾಳೆ ನೋಡಿದರು, ನೂನನ್‌ಗೆ ಸಮಾಧಾನ ಆಯ್ತು ಅಂತ ಅದರಲ್ಲಿದೆ. ಅಮೇಲಿಯಾ ಬರೆದಿಟ್ಟ ಆ ಒಂದು ಚಿಂತೆ ಬಗೆಹರಿದಿತ್ತು. ಅದನ್ನ ಬರೆಯೋಕೆ ಅವಳಿಗೆ ಇನ್ನೊಂದು ಊರು ಸಿಗಬೇಕಿತ್ತು. ಜುಲೈ 2ರ ಬೆಳಿಗ್ಗೆ ಹತ್ತು ಗಂಟೆಗೆ, ಸುಮಾರು 1,100 ಗ್ಯಾಲನ್ ಪೆಟ್ರೋಲ್ ತುಂಬಿಸ್ಕೊಂಡು, ಸರಿ ಮಾಡಿದ ಗಡಿಯಾರದ ಜೊತೆಗೆ ಹೊರಟರು.